ರಾಡಿ ತೊಳೆದು ಹೋಗುವವರು

ಸ್ಲ್ಯಾಬು ವಾಪಸ್ ಬಂದ ದಿನ ನಾನಿನ್ನೂ ಬಸ್ಸಿನಲ್ಲಿದ್ದೆ. ಬಾಗಲಕೋಟೆಯ ನವನಗರದಿಂದ ಹೊರಟ ಬಸ್ಸು ಅಮೀನಗಡ ದಾಟಿತ್ತು. ಇಳಕಲ್ಲಿನ ಕಾರ್ಖಾನೆಯ ಗೇಟಿನವನು ಫೋನ್ ಮಾಡಿ, ಲಾರಿ ತುಂಬ ಕಲ್ಲು ಬಂದು ನಿಂತಿದೆ, ಇಳಿಸಿಕೊಳ್ಳಲೋ ಬೇಡವೋ ಎಂದು ಕೇಳಿದ. ನಾವು ಕಲ್ಲು ಕಳಿಸುವವರು, ನಮ್ಮಲ್ಲಿಗೆ ಕಲ್ಲು ಬರುವುದೆಂದರೇನು ಎಂದು ಮೊದಲು ಹೊಳೆಯಲಿಲ್ಲ. ಹೊಳೆದ ಮೇಲೆ ಸೀಟಿನಲ್ಲಿ ಕೂರಲಾಗಲಿಲ್ಲ. ಎದ್ದು ಬಾಗಿಲ ಹತ್ತಿರ ಹೋಗಿ ಕಂಬಿ ಹಿಡಿದು ನಿಂತೆ. ಹುನಗುಂದ ಇನ್ನೂ ದೂರವಿದೆ, ನಿಂತರೆ ಬಸ್ಸು ಜೋರು ಓಡುವುದಿಲ್ಲ ಎಂದು ಕಂಡಕ್ಟರ್ ನಕ್ಕ. ನನಗೆ ನಗು ಬರಲಿಲ್ಲ.

ಅದು ಗ್ರಾನೈಟ್ ಕಾರ್ಖಾನೆ. ಊರ ಹೊರಗೆ, ಹೆದ್ದಾರಿಗೆ ಹತ್ತಿಕೊಂಡೇ ಇದೆ. ಕೆಂಪು ಕಲ್ಲಿನ ಬಂಡೆ ತಂದು ಹಲಗೆಗಳಾಗಿ ಸೀಳಿ, ಪಾಲಿಷ್ ಮಾಡಿ ಕಳಿಸುತ್ತೇವೆ. ಸೀಳುವ ಯಂತ್ರಕ್ಕೆ ಗ್ಯಾಂಗ್‌ಸಾ ಎನ್ನುತ್ತಾರೆ. ನಾನು ಅದರ ಸೂಪರ್‌ವೈಸರ್ ಆಗಿ ಸೇರಿ ಆಗ ಕೆಲವೇ ತಿಂಗಳಾಗಿತ್ತು.

ಗ್ಯಾಂಗ್‌ಸಾ ಎಂದರೆ ಗರಗಸವೇ, ಆದರೆ ಅದಕ್ಕೆ ಹಲ್ಲಿಲ್ಲ. ದೊಡ್ಡ ಕಬ್ಬಿಣದ ಚೌಕಟ್ಟಿನಲ್ಲಿ ಉದ್ದುದ್ದ ಉಕ್ಕಿನ ಪಟ್ಟಿಗಳನ್ನು ಸಾಲಾಗಿ ಬಿಗಿದಿರುತ್ತಾರೆ. ಅವೇ ಬ್ಲೇಡು. ಚೌಕಟ್ಟು ತೊಟ್ಟಿಲಿನಂತೆ ಹಿಂದೆ ಮುಂದೆ ತೂಗುತ್ತ ಕೆಳಗಿಟ್ಟ ಬಂಡೆಯೊಳಗೆ ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಇಳಿಯುತ್ತದೆ. ಮೇಲಿನಿಂದ ಎಡೆಬಿಡದೆ ರಾಡಿ ಸುರಿಯುತ್ತಿರುತ್ತದೆ. ನೀರು, ಸುಣ್ಣ ಮತ್ತು ಸಾಸಿವೆಗಿಂತ ಸಣ್ಣ ಉಕ್ಕಿನ ಕಾಳು ಸೇರಿದ್ದೇ ಆ ರಾಡಿ. ಕಲ್ಲನ್ನು ಕೊಯ್ಯುವುದು ಬ್ಲೇಡಲ್ಲ, ಬ್ಲೇಡಿನ ಕೆಳಗೆ ಸಿಕ್ಕಿ ನುರಿಯುವ ಈ ಕಾಳು. ರಾಡಿ ಗಟ್ಟಿಯಾದರೆ ಕಾಳು ಸಂದಿಗೆ ಇಳಿಯುವುದಿಲ್ಲ. ತೆಳುವಾದರೆ ನಿಲ್ಲದೆ ಜಾರಿಹೋಗಿ, ಬ್ಲೇಡು ಬರಿಗಲ್ಲನ್ನು ಉಜ್ಜುತ್ತದೆ. ಎರಡರಲ್ಲೂ ಬ್ಲೇಡು ದಾರಿ ತಪ್ಪಿ ಓರೆ ಹೋಗುತ್ತದೆ. ಒಂದು ಬಂಡೆ ಮುಗಿಯಲು ಐದಾರು ದಿನ ಬೇಕು. ನಡುವೆ ನಿಲ್ಲಿಸಿದರೆ ರಾಡಿ ಕುಂತು ಬ್ಲೇಡು ಕಲ್ಲಿನಲ್ಲೇ ಕಚ್ಚಿಕೊಳ್ಳುತ್ತದೆ. ಹಾಗಾಗಿ ಹಗಲು ಒಬ್ಬ, ರಾತ್ರಿ ಒಬ್ಬ, ಇಬ್ಬರು ಆಪರೇಟರ್‌ಗಳು ಒಂದೇ ಬಂಡೆಯನ್ನು ಕೈಯಿಂದ ಕೈಗೆ ದಾಟಿಸಿ ಮುಗಿಸಬೇಕು.

ಹಗಲು ಪಾಳಿಯವರು ಹಿರಿಯರು, ಇಳಕಲ್ಲಿನವರೇ. ಹಣೆಗೆ ವಿಭೂತಿ ಇಲ್ಲದೆ ಯಂತ್ರದ ಗುಂಡಿ ಒತ್ತುತ್ತಿರಲಿಲ್ಲ. ರಾತ್ರಿ ಪಾಳಿಯವನು ಬಾದಾಮಿ ಕಡೆಯವನು, ಅವರಿಗಿಂತ ಹತ್ತಿಪ್ಪತ್ತು ವರ್ಷ ಚಿಕ್ಕವನು. ಮೊದಲು ಅಲ್ಲಿನ ಮರಳುಗಲ್ಲಿನ ಕೆಲಸ ಮಾಡಿ ಬಂದವನು. ಬಾದಾಮಿ ಕಲ್ಲು ಬೆಲ್ಲ ಇದ್ದ ಹಾಗೆ, ಅದನ್ನು ಕೊಯ್ದವನಿಗೆ ನಮ್ಮ ಕಲ್ಲೇನು ಗೊತ್ತು ಎಂದು ಹಿರಿಯರು ಅವನೆದುರೇ ಚುಚ್ಚುತ್ತಿದ್ದರು. ಅವನು ನಕ್ಕು ಸುಮ್ಮನಾಗುತ್ತಿದ್ದ. ಪಾಳಿ ಬದಲಾಗುವಾಗ ಇಬ್ಬರ ನಡುವೆ ಆಗುತ್ತಿದ್ದ ಮಾತು ಒಂದೇ. ಹೋಗುವವರು, "ಎಲ್ಲಾ ಬರೋಬ್ಬರಿ ಐತಿ, ನೋಡ್ಕೊಂಡ್ ಹೋಗು" ಎನ್ನುವುದು. ಬರುವವರು ತಲೆಯಾಡಿಸುವುದು.

ಲಾರಿಯಲ್ಲಿ ಬಂದ ಸ್ಲ್ಯಾಬುಗಳನ್ನು ಇಳಿಸಿ ಗೋಡೆಗೆ ಆನಿಸಿ ನಿಲ್ಲಿಸಿದೆವು. ಕೊಂಡವರು ಯಾಕೆ ಬೇಡವೆಂದರು ಎಂಬುದು ದೂರದಿಂದಲೇ ಕಾಣುತ್ತಿತ್ತು. ಕಲ್ಲಿನ ಉದ್ದಕ್ಕೂ ಅಡ್ಡಡ್ಡ ಮಂಕು ಪಟ್ಟಿಗಳು, ಎರಡು ಬೆರಳಗಲ. ಅಲ್ಲಿ ಬ್ಲೇಡು ಓರೆ ಹೋಗಿ ತಗ್ಗಾಗಿತ್ತು, ತಗ್ಗಿಗೆ ಪಾಲಿಷ್ ಹತ್ತಿರಲಿಲ್ಲ. ಟ್ಯೂಬ್‌ಲೈಟಿನ ಬೆಳಕು ಉಳಿದೆಡೆ ನೆಟ್ಟಗೆ ಬಿದ್ದು ಅಲ್ಲಿ ಬಂದೊಡನೆ ಮುರಿಯುತ್ತಿತ್ತು.

ಕಾರ್ಖಾನೆಯ ಸಾಹುಕಾರರು ಬಾಗಲಕೋಟೆಯಿಂದ ಮಧ್ಯಾಹ್ನವೇ ಬಂದರು. ಅವರು ಕೂಗಾಡುವವರಲ್ಲ, ಅದೇ ನನಗೆ ಹೆಚ್ಚು ಕಷ್ಟ. ಸ್ಲ್ಯಾಬಿನ ಮೇಲೆ ಅಂಗೈ ಸವರುತ್ತ ಒಂದು ಸುತ್ತು ಬಂದು, ಇಬ್ಬರಲ್ಲಿ ಯಾರ ಕೈ ಕೆಟ್ಟಿದೆ ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಮುಂದಿನ ಬಂಡೆ ಕೊಯ್ದು ಇಳಿಯುವುದರೊಳಗೆ ಗೊತ್ತು ಮಾಡಿಕೊಳ್ಳಿ ಎಂದರು. ಹೊರಡುವಾಗ ಕಾರಿನ ಬಾಗಿಲು ಹಿಡಿದುಕೊಂಡು, "ಒಂದ ಹೆಸರ ಕೊಡ್ರಿ ಸಾಕು. ಒಬ್ಬಂವ ಮನಿಗೆ ಹೋದ್ರ ಇನ್ನೊಬ್ಬಂವ ತಾನ ಸರಿ ಆಗ್ತಾನ" ಎಂದರು.

ಒಬ್ಬನ ಅನ್ನ ನನ್ನ ಬಾಯಿಮಾತಿನಲ್ಲಿತ್ತು. ಮನೆಗೆ ಹೋದರೂ ಅದೇ ತಲೆಯಲ್ಲಿ. ಊಟಕ್ಕೆ ಕೂತವಳು ಎದ್ದು ಅಂಗಳದಲ್ಲಿ ಅಡ್ಡಾಡಿದೆ, ಮತ್ತೆ ಬಂದು ಕೂತೆ. ಮರುದಿನ ಕಾರ್ಖಾನೆಗೆ ಹೋದ ಕೂಡಲೆ ಮಂಕು ಪಟ್ಟಿಗಳ ನಡುವಿನ ಅಂತರವನ್ನು ಗೇಣು ಹಾಕಿ ಅಳೆದೆ. ಪ್ರತಿ ಪಟ್ಟಿಯಿಂದ ಮುಂದಿನದಕ್ಕೆ ಒಂದು ಗೇಣು. ಬೇರೆ ಸ್ಲ್ಯಾಬಿನಲ್ಲೂ ಅಷ್ಟೇ. ನಮ್ಮ ಬ್ಲೇಡು ಒಂದು ಪಾಳಿಯಲ್ಲಿ ಇಳಿಯುವುದು ಹೆಚ್ಚು ಕಡಿಮೆ ಒಂದು ಗೇಣು. ಅಂದರೆ ಹಗಲಿನವರು ಕೊಯ್ದ ಗೇಣು ಚೊಕ್ಕ, ರಾತ್ರಿಯವನು ಕೊಯ್ದ ಗೇಣು ಚೊಕ್ಕ. ಕೆಟ್ಟಿದ್ದು ಪಾಳಿ ಬದಲಾಗುವ ಹೊತ್ತು. ಆ ಹೊತ್ತಿಗೆ ಯಾರ ಹೆಸರೂ ಇಲ್ಲ.

ಅಂದಿನಿಂದ ಇಳಕಲ್ಲಿನಲ್ಲೇ ಚಿಕ್ಕಮ್ಮನ ಮನೆಯಲ್ಲಿ ಉಳಿದುಕೊಂಡೆ. ಬೆಳಗ್ಗೆ ಪಕ್ಕದ ಮನೆಯ ಮಗ್ಗದ ಸದ್ದಿಗೆ ಎಚ್ಚರವಾದರೆ ಗ್ಯಾಂಗ್‌ಸಾ ಲಯ ತಪ್ಪಿದೆಯೆಂದೇ ಗಾಬರಿಯಾಗಿ ಎದ್ದು ಕೂರುತ್ತಿದ್ದೆ. ಹೊಸ ಬಂಡೆ ಏರಿಸಿದ ಮಾರನೆಯ ದಿನ, ಎಂಟರ ಪಾಳಿ ಬದಲಾಗುವ ಮೊದಲೇ ಹೋಗಿ ಸುಣ್ಣದ ಚೀಲಗಳ ಹಿಂದೆ ನಿಂತೆ. ರಾತ್ರಿಯವನು ಮುಖ ತೊಳೆದು ಬಂದ, ಸುತ್ತ ನೋಡಿದ. ರಾಡಿ ತೊಟ್ಟಿಗೆ ಹೋಗುವ ನೀರಿನ ನಲ್ಲಿಯ ಕಾಕು ಪೂರ್ತಿ ತಿರುವಿದ. ಕಾಳು ಬೀಳುವ ಯಂತ್ರದ ಗುಂಡಿಯನ್ನು ಸೊನ್ನೆಗೆ ತಂದ. ನೀರು ಸಾಕಷ್ಟು ಹೋದ ಮೇಲೆ ಕಾಕು ಬಂದ್ ಮಾಡಿ, ಕೈ ಒರೆಸಿಕೊಂಡು ಬಾಗಿಲ ಹತ್ತಿರ ಹೋಗಿ ನಿಂತ. ಹಗಲಿನವರು ಬಂದರು. ಎಲ್ಲಾ ಬರೋಬ್ಬರಿ ಐತಿ ಎಂದ. ಅವರು ತಲೆಯಾಡಿಸಿದರು. ಸಂಜೆ ಅವರೂ ಅದನ್ನೇ ಮಾಡಿದರು. ಅವರು ಸುತ್ತ ಕೂಡ ನೋಡಲಿಲ್ಲ.

ಇಡೀ ಪಾಳಿ ದುಡಿದು ಹದಕ್ಕೆ ತಂದ ರಾಡಿಯನ್ನು, ಇನ್ನೊಬ್ಬನಿಗೆ ಆ ಹದ ತಿಳಿಯಬಾರದೆಂದು ತೊಳೆದು ಹೋಗುತ್ತಿದ್ದರು. ಬಂದವನು ಮತ್ತೆ ಮೊದಲಿಂದ ಹದ ಮಾಡಬೇಕು. ಅದಕ್ಕೆ ಎರಡು ತಾಸು. ಆ ಎರಡು ತಾಸೇ ಕಲ್ಲಿನ ಮೇಲಿನ ಎರಡು ಬೆರಳಿನ ಪಟ್ಟಿ.

ಇದು ಮೊದಲಿನಿಂದ ಇತ್ತೇ ಎಂದು ಗೇಟಿನವನನ್ನು ಕೇಳಿದೆ. ಅವನಿಗೆ ಎಲ್ಲ ಗೊತ್ತಿತ್ತು, ಯಾರೂ ಕೇಳಿರಲಿಲ್ಲ ಅಷ್ಟೇ. ಮೊದಲೂ ಇಬ್ಬರು ಒಬ್ಬರಿಗೊಬ್ಬರು ಏನೂ ಹೇಳುತ್ತಿರಲಿಲ್ಲವಂತೆ, ಆದರೆ ತೊಳೆಯುತ್ತಲೂ ಇರಲಿಲ್ಲ. ತೊಳೆಯುವುದು ಶುರುವಾದದ್ದು ಫೋಟೋ ಬಂದ ಮೇಲೆ. ಸಾಹುಕಾರರು ಎಲ್ಲೋ ನೋಡಿ ಬಂದು, ಯಾರ ಪಾಳಿಯಲ್ಲಿ ಬ್ಲೇಡು ಹೆಚ್ಚು ಇಳಿಯುತ್ತದೋ ಅವರ ಫೋಟೋವನ್ನು ಆ ತಿಂಗಳು ಆಫೀಸಿನ ಗೋಡೆಗೆ ಹಾಕಿಸುತ್ತಿದ್ದರು. ಉತ್ತಮ ಆಪರೇಟರ್ ಎಂದು ಕೆಳಗೆ ಬರೆಸಿದ್ದರು, ಕಟ್ಟು ಹಾಕಿಸಿದ್ದರು. ರಾತ್ರಿಯವನ ಫೋಟೋ ಏರಿದ ತಿಂಗಳು ಹಿರಿಯರು ಅದರ ಮುಂದೆ ನಿಂತು, ಹಾರ ಹಾಕುವುದು ಯಾವಾಗ ಎಂದು ಕೇಳಿದ್ದರಂತೆ. ಅವನ ತಾಯಿಗೆ ಈ ಮಾತು ಮುಟ್ಟಿ, ಆಕೆ ಬೀರಪ್ಪನ ಗುಡಿಗೆ ಹೋಗಿ ಕಾಯಿ ಒಡೆಸಿ ಬಂದಳಂತೆ. ನಗೆಪಾಟಲಿನ ಕಥೆ. ಆದರೆ ಅಂದಿನಿಂದ ಕಾಕು ತಿರುಗತೊಡಗಿತ್ತು.

ಸಾಹುಕಾರರಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. ಪಟ್ಟಿ ಇಬ್ಬರದೂ ಅಲ್ಲ, ಇಬ್ಬರ ನಡುವಿನದು ಎಂದೆ. ಫೋಟೋ ತೆಗೆಸಿ ಎಂದೆ. ಅವರು ಎಲ್ಲ ಕೇಳಿಸಿಕೊಂಡು, ಹಾಗಾದರೆ ಇಬ್ಬರೂ ತಪ್ಪು ಮಾಡಿದ್ದಾರೆ, ಇಬ್ಬರನ್ನೂ ಕಳಿಸಿದರೆ ಯಂತ್ರ ನಿಲ್ಲುತ್ತದೆ, ಆದ್ದರಿಂದ ಒಬ್ಬನನ್ನು ಕಳಿಸೋಣ ಎಂದರು. ಲೆಕ್ಕ ಅವರ ಪ್ರಕಾರ ಸರಿಯಾಗಿಯೇ ಇತ್ತು.

ನನ್ನ ಕೈಗೆ ಸಿಕ್ಕ ಮೊದಲ ಉಪಾಯ ಬೀಗ. ನೀರಿನ ಕಾಕಿಗೆ ಒಂದು ಸರಪಳಿ ಸುತ್ತಿ ಬೀಗ ಜಡಿದೆ, ಕೀಲಿ ನನ್ನ ಸೆರಗಿನ ಗಂಟಿಗೆ. ಯಾರೂ ಏನೂ ಕೇಳಲಿಲ್ಲ, ಅದರಿಂದಲೇ ಅನುಮಾನ ಬರಬೇಕಿತ್ತು. ಪಾಳಿ ಬದಲಾದ ಮೇಲೆ ಹೋಗಿ ತೊಟ್ಟಿ ನೋಡಿದರೆ ರಾಡಿ ಮುದ್ದೆಯ ಹಾಗೆ ಗಟ್ಟಿಯಾಗಿತ್ತು. ನೀರು ಸಿಗದಿದ್ದರೆ ಏನಾಯಿತು, ಅರ್ಧ ಚೀಲ ಸುಣ್ಣ ಹಾಕಿ ಹೋಗಿದ್ದರು. ಮೋಟರು ಮುಲುಗುತ್ತಿತ್ತು. ಬೀಗ ತೆಗೆದು ನಾನೇ ನೀರು ಬಿಟ್ಟೆ. ಸಿಟ್ಟು ಯಾರ ಮೇಲೆ ತೋರಿಸಬೇಕೆಂದು ತಿಳಿಯದೆ ಬೀಗವನ್ನು ಕಲ್ಲಿನ ರಾಶಿಗೆ ಎಸೆದೆ. ಆಮೇಲೆ ಅರ್ಧ ಗಂಟೆ ಅದನ್ನೇ ಹುಡುಕಿದೆ.

ಎರಡನೆಯ ಉಪಾಯ ಮಿರ್ಚಿ. ಸಂಜೆ ಪಾಳಿ ಬದಲಾಗುವಾಗ ಚಹಾ, ಮಿರ್ಚಿ ಭಜಿ ತರಿಸಿ ಇಬ್ಬರನ್ನೂ ಕೂರಿಸಿದೆ. ಕಾರ್ಖಾನೆ ನಮ್ಮೆಲ್ಲರದು, ಒಬ್ಬರಿಗೆ ಗೊತ್ತಿದ್ದದ್ದು ಇನ್ನೊಬ್ಬರಿಗೆ ಹೇಳಿದರೆ ಎಲ್ಲರಿಗೂ ಒಳ್ಳೆಯದು ಎಂದು ಮಾತಾಡಿದೆ. ನನ್ನ ಮಾತು ನನಗೇ ಶಾಲೆಯ ಪ್ರಾರ್ಥನೆಯ ಹಾಗೆ ಕೇಳಿಸಿತು. ಹಿರಿಯರು ಮಿರ್ಚಿ ಮುರಿಯುತ್ತ, ರಾಡಿ ಇಷ್ಟೇ ಗಟ್ಟಿ ಇರಬೇಕು ಎಂದು ಒಂದು ಲೆಕ್ಕ ಹೇಳಿದರು. ರಾತ್ರಿಯವನು ಹೌದೌದು ಎಂದ. ಆ ಲೆಕ್ಕ ಯಂತ್ರದ ಮೇಲಿನ ತಗಡಿನಲ್ಲೇ ಬರೆದಿತ್ತು, ಅದರ ಪ್ರಕಾರ ಇಬ್ಬರೂ ಎಂದೂ ನಡೆದಿರಲಿಲ್ಲ. ಮಿರ್ಚಿ ಮುಗಿಯಿತು.

ಅಷ್ಟರಲ್ಲಿ ಬ್ಲೇಡು ಬಂಡೆಯ ಅರ್ಧಕ್ಕೆ ಹತ್ತಿರವಾಗಿತ್ತು. ಮಾರನೆಯ ಬೆಳಗ್ಗೆ ಸಾಹುಕಾರರ ಫೋನ್ ಬಂತು. ಹೆಸರು ಎಂದರು. ಇನ್ನೂ ಬಂಡೆ ಇಳಿದಿಲ್ಲ ಎಂದೆ. ಇಳಿಯುವುದರಲ್ಲಿ ಏನಿದೆ, ವಯಸ್ಸಾದವರನ್ನೇ ಕಳಿಸಿಬಿಡೋಣವೇ ಎಂದು, ಯಾವ ತರಕಾರಿ ತರಲಿ ಎಂದು ಕೇಳುವ ದನಿಯಲ್ಲಿ ಕೇಳಿದರು. ಎರಡು ದಿನದಿಂದ ಬೆನ್ನಿಗೆ ಬಿದ್ದ ಸಿಟ್ಟೆಲ್ಲ ನನಗೆ ಒಮ್ಮೆಲೇ ನೆತ್ತಿಗೇರಿತು.

"ಹೆಸರ ಬೇಕಲ್ರಿ ನಿಮಗ?" ಎಂದೆ. "ಪಾಳಿ ಬದಲಾಗೋ ಹೊತ್ತು ಅವರಿಬ್ಬರದೂ ಅಲ್ಲ, ಅದು ಸೂಪರ್‌ವೈಸರಂದು. ನನ್ನ ಹೆಸರ ಬರಕೊಳ್ರಿ."

 ಸಾಹುಕಾರರು ನೋಡೋಣ ಎಂದು ಫೋನ್ ಇಟ್ಟುಬಿಟ್ಟರು. ದೊಡ್ಡ ಮನಸ್ಸಿನಿಂದ ಹೇಳಿದ ಮಾತಲ್ಲ ಅದು. ಇಟ್ಟ ಮೇಲೆ, ವಾಪಸ್ ಮಾಡಿ ಹಾಗಲ್ಲ ಎಂದು ಹೇಳಲೇ ಎಂದು ಎರಡು ಸಲ ಫೋನ್ ಎತ್ತಿದೆ. ತಿರುಗಿ ನೋಡಿದರೆ ಬಾಗಿಲಲ್ಲಿ ಹಗಲಿನವರು ನಿಂತಿದ್ದರು. ಕೈಗವಸು ಕೇಳಲು ಬಂದವರು. ಎಷ್ಟು ಹೊತ್ತಿನಿಂದ ನಿಂತಿದ್ದರೋ, ಕೈಗವಸು ಕೇಳದೆ ಹೋದರು.

ಮಧ್ಯಾಹ್ನ ಊಟದ ಡಬ್ಬಿ ತೊಳೆದುಕೊಂಡು ನನ್ನ ಹತ್ತಿರ ಬಂದರು. ತೊಟ್ಟಿಯ ಕಡೆ ಬನ್ನಿ ಎಂದರು. ದಾರಿಯಲ್ಲಿ ಹಿಂದಿನ ಒಂದು ಕಾರ್ಖಾನೆಯ ಕಥೆ ಹೇಳಿದರು, ಈಗ ಅದು ಮುಚ್ಚಿದೆ. ಅಲ್ಲಿ ಹೊಸಬನೊಬ್ಬನಿಗೆ ಇವರು ಕೈ ಹಿಡಿದು ಎಲ್ಲ ಕಲಿಸಿದರು. ಅವನಿಗೆ ಬರುತ್ತದೆ ಎಂದು ಗೊತ್ತಾದ ತಿಂಗಳೇ ಮಾಲೀಕರು ಇವರಿಗೆ ಇನ್ನು ನೀವು ವಿಶ್ರಾಂತಿ ತೆಗೆದುಕೊಳ್ಳಿ ಎಂದರು. ತಾವು ಹೊರಡುವ ದಿನ ಅವನು ಕಾಲಿಗೆ ಬೀಳಲು ಬಂದದ್ದನ್ನು ಅವರು ಇನ್ನೂ ಮರೆತಿರಲಿಲ್ಲ. ಅದನ್ನು ಹೇಳುವಾಗ ಮಾತ್ರ ಅವರ ದನಿ ಬದಲಾಯಿತು.

"ಒಂದ ಮಾತ ತೋರಿಸ್ತೇನಿ ಬಾಯಾರ. ಆದ್ರ ಅವಂಗ ಹೇಳಬಾರ್ದು ನೋಡ್ರಿ," ಎಂದರು.

ಸುರಿಯುವ ರಾಡಿಯನ್ನು ಅಂಗೈಯಲ್ಲಿ ಹಿಡಿದು, ಕೈ ಓರೆ ಮಾಡಿ ಸುರಿದುಹೋಗಲು ಬಿಟ್ಟರು. ನೀರು, ಸುಣ್ಣ ಹೋದ ಮೇಲೆ ಕಾಳು ಅಂಗೈಯ ಗೆರೆಗಳಲ್ಲಿ ಮಾತ್ರ ಉಳಿಯಬೇಕು. ಬೆರಳ ಬುಡದಲ್ಲಿ ಗುಂಪಾದರೆ ಗಟ್ಟಿ, ಗೆರೆಯಲ್ಲೂ ನಿಲ್ಲದಿದ್ದರೆ ತೆಳು. ಇನ್ನೊಂದು, ಉಳಿದ ಕಾಳನ್ನು ಬೆರಳಲ್ಲಿ ತೀಡಿದರೆ ಚುಚ್ಚಬೇಕು. ಚುಚ್ಚದಿದ್ದರೆ ಕಾಳು ಸವೆದಿದೆ, ಹಳೆ ರಾಡಿ ಹೊರಬಿಟ್ಟು ಹೊಸ ಕಾಳು ಹಾಕಬೇಕು. ನನ್ನ ಕೈಯಲ್ಲೂ ಹಿಡಿಸಿ ನೋಡಿದರು. ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಟ್ಟೆ.

ಸುದ್ದಿ ರಾತ್ರಿಯವನಿಗೆ ಹೇಗೆ ಮುಟ್ಟಿತೋ, ಗೇಟಿನವನೇ ಮುಟ್ಟಿಸಿರಬೇಕು. ಮಾರನೆಯ ಬೆಳಗ್ಗೆ ಪಾಳಿ ಮುಗಿಯುವ ಮೊದಲು ಅವನೂ ಕರೆದ. ನಿಮ್ಮ ಹೆಸರು ಯಾಕೆ ಕೊಟ್ಟಿರಿ ಎಂದು ಕೇಳಿದ. ಸಿಟ್ಟಿಗೆ ಎಂದೆ. ಅವನು ನಕ್ಕ, ಆಮೇಲೆ ಗಂಭೀರವಾದ. ಒಂದು ಬೂಟು ಬಿಚ್ಚಿ, ಯಂತ್ರವನ್ನು ಕೂರಿಸಿದ ಸಿಮೆಂಟಿನ ಕಟ್ಟೆಯ ಮೇಲೆ ಬರಿಗಾಲಿಟ್ಟು, ನನಗೂ ಇಡಲು ಹೇಳಿದ. ಚೌಕಟ್ಟು ತೂಗುವಾಗ ಕಟ್ಟೆಯಲ್ಲಿ ಒಂದು ಪೆಟ್ಟು ಬರುತ್ತದೆ. ಅದು ಒಂದೇ ಇರಬೇಕು. ಒಂದರ ಬೆನ್ನಿಗೆ ಇನ್ನೊಂದು ಸಣ್ಣ ಪೆಟ್ಟು ಬಂದರೆ ಯಾವುದೋ ಬ್ಲೇಡಿನ ಬಿಗಿ ಸಡಿಲಿದೆ. ಕಿವಿಗೆ ಕೇಳಿಸುವ ಹೊತ್ತಿಗೆ ಬ್ಲೇಡು ಓರೆ ಹೋಗಿಯಾಗಿರುತ್ತದೆ, ಕಾಲಿಗೆ ಮೊದಲೇ ತಿಳಿಯುತ್ತದೆ. ಮರಳುಗಲ್ಲಿನ ಕೆಲಸದಲ್ಲಿ ಪದರು ಬಿಡುವುದನ್ನು ಹೀಗೇ ಅಂಗಾಲಿನಿಂದ ನೋಡುತ್ತಿದ್ದನಂತೆ.

"ಅಕ್ಕಾರ, ಇದನ್ನ ಮುದುಕಗ ಹೇಳಬ್ಯಾಡ್ರಿ," ಎಂದ. ಅವನಿಗೂ ಮಾತು ಕೊಟ್ಟೆ. ಕೊಡದೆ ಏನು ಮಾಡಲಿ.

ಆ ದಿನದಂತಹ ದಿನ ನನಗೆ ಬೇಡ. ಹಿರಿಯರು ರಾಡಿಯನ್ನು ಹದವಾಗಿ ಇಟ್ಟು, ಸಡಿಲಿದ ಬ್ಲೇಡನ್ನು ತಡವಾಗಿ ಬಿಗಿಯುವುದು ನನ್ನ ಕಣ್ಣೆದುರೇ ನಡೆಯಿತು. ನನ್ನ ಕಾಲಿಗೆ ಎರಡನೆಯ ಪೆಟ್ಟು ತಿಳಿಯುತ್ತಿತ್ತು, ಬಾಯಿಗೆ ಮಾತು ಕೊಟ್ಟ ಬೀಗ. ಆಫೀಸಿನಿಂದ ತೊಟ್ಟಿಗೆ, ತೊಟ್ಟಿಯಿಂದ ಗೇಟಿಗೆ ಅಡ್ಡಾಡಿದೆ. ಬ್ಲೇಡು ಸಡಿಲಿದೆ ಎಂದು ಸುಮ್ಮನೆ ಹೇಳಬಹುದಿತ್ತು, ಆದರೆ ಹೇಗೆ ತಿಳಿಯಿತು ಎಂದರೆ ಏನು ಹೇಳುವುದು? ಎರಡು ಅರ್ಧ ನನ್ನಲ್ಲಿ ಸೇರಿದ್ದವು, ಯಂತ್ರ ಓಡಿಸುವವಳು ಮಾತ್ರ ನಾನಲ್ಲ.

ಸಂಜೆ ಪಾಳಿ ಬದಲಾಗುವ ಹೊತ್ತಿಗೆ, ಹಿರಿಯರು ಕಾಕಿನ ಕಡೆ ಹೋಗುವುದರೊಳಗೆ ಇಬ್ಬರ ನಡುವೆ ಹೋಗಿ ನಿಂತೆ. ಏನು ಹೇಳಬೇಕೆಂದು ಯೋಚಿಸಿರಲಿಲ್ಲ. ಇಬ್ಬರೂ ನನಗೆ ಒಂದೊಂದು ಹೇಳಿದ್ದೀರಿ, ಇಬ್ಬರಿಗೂ ಮಾತು ಕೊಟ್ಟಿದ್ದೇನೆ, ನಾನು ಮಾತು ಮುರಿಯುವುದಿಲ್ಲ. ಆದರೆ ಅವರದು ನಿನ್ನಲ್ಲಿಲ್ಲ, ನಿನ್ನದು ಅವರಲ್ಲಿಲ್ಲ, ನನ್ನ ಹೊಟ್ಟೆ ಉಬ್ಬಿ ಒಡೆಯುವ ಹಾಗಾಗಿದೆ ಎಂದೆ. ಯಂತ್ರ ತೂಗುತ್ತಲೇ ಇತ್ತು. ಹಿರಿಯರು ನನ್ನನ್ನು ಬಿಟ್ಟು ಅವನನ್ನು ನೋಡಿದರು, ಅವನು ಅವರನ್ನು. ಇನ್ನೊಬ್ಬನ ಹತ್ತಿರ ತನ್ನಲ್ಲಿಲ್ಲದ್ದು ಏನೋ ಇದೆ ಎಂಬುದು ಇಬ್ಬರಿಗೂ ಮೊದಲ ಸಲ ಚುರುಕು ಮುಟ್ಟಿಸಿದಂತಿತ್ತು.

"ಇಂವಾ ಏನ್ ಹೇಳ್ಯಾನ?" ಎಂದರು ಹಿರಿಯರು.

"ನೀವ ಏನ್ ಹೇಳೀರಿ ಅದನ್ನ ಮೊದಲ ಹೇಳ್ರಿ," ಎಂದ ಅವನು.

"ಪುಕ್ಕಟೆ ಹೇಳಾಕ ನಾ ಏನ್ ಪುರಾಣ ಹೇಳಾಕ ಕುಂತೇನೇನ?"

ಅವನು ತಲೆ ಕೆರೆದುಕೊಂಡ. ಆಮೇಲೆ, "ಪುಕ್ಕಟೆ ಬ್ಯಾಡ್ರಿ. ಮುಯ್ಯಿ ಮಾಡೂಣು," ಎಂದ.

ಮುಯ್ಯಿ ನಮ್ಮ ಕಡೆಯವರಿಗೆ ಹೊಸದಲ್ಲ. ಬಿತ್ತನೆಗೆ, ಕಳೆಗೆ ನೀನು ನನ್ನ ಹೊಲಕ್ಕೆ ಬಂದು ದುಡಿದರೆ ನಾನು ನಿನ್ನ ಹೊಲಕ್ಕೆ ಬಂದು ದುಡಿಯುತ್ತೇನೆ. ಕೂಲಿ ಇಲ್ಲ, ಉಪಕಾರವೂ ಅಲ್ಲ. ಯಾರೂ ಬರೆದಿಡುವುದಿಲ್ಲ, ಯಾರೂ ಮರೆಯುವುದಿಲ್ಲ. ಮೊದಲು ಹೋದವನಿಗೆ ಸೋತೆನೆಂಬ ಅಂಜಿಕೆ ಇರುವುದಿಲ್ಲ, ಯಾಕೆಂದರೆ ಹೋದದ್ದರಿಂದಲೇ ಇನ್ನೊಬ್ಬ ಕಟ್ಟುಬಿದ್ದ. ಮುಯ್ಯಿ ತೀರಿಸದವನ ಹೊಲಕ್ಕೆ ಮುಂದಿನ ವರ್ಷ ಕಾಗೆಯೂ ಇಳಿಯುವುದಿಲ್ಲ ಎಂದು ನನ್ನ ಅಜ್ಜ ಹೇಳುತ್ತಿದ್ದ. ಹೊಲದಲ್ಲಿ ಇಷ್ಟು ಸಲೀಸಾಗಿ ನಡೆಯುವುದು ಕಾರ್ಖಾನೆಯಲ್ಲಿ ನನಗೆ ಹೊಳೆದಿರಲಿಲ್ಲ. ನಾನು ಬೀಗ ಹುಡುಕುತ್ತಿದ್ದೆ, ಸಾಹುಕಾರರು ಫೋಟೋ ಹುಡುಕುತ್ತಿದ್ದರು.

ಹಿರಿಯರು ಸುರಿಯುವ ರಾಡಿಯ ಕಡೆ ನೋಡಿದರು. ನಾನು ಬಾಯಿ ತೆರೆದರೆ ಕೆಡುತ್ತದೆಂದು ಸೆರಗಿನ ತುದಿ ಹಿಡಿದು ನಿಂತೆ. ಕೊನೆಗೆ ಅವರು ಅವನ ಮಣಿಕಟ್ಟು ಹಿಡಿದು, ಬಾರಲೇ ಎಂದು ಎಳೆದುಕೊಂಡು ಹೋಗಿ ಅವನ ಅಂಗೈಯನ್ನು ಸುರಿಯುವ ರಾಡಿಯ ಕೆಳಗೆ ಹಿಡಿದರು. ಓರೆ ಮಾಡು ಎಂದರು. ಇಷ್ಟಲ್ಲ, ಇಷ್ಟು. ಗೆರೆ ನೋಡು. ತೀಡು. ಅವನು ತೀಡಿ, ಚುಚ್ಚುತ್ತದೆ ಎಂದ. ಹಾಂ, ಹಾಗೇ ಚುಚ್ಚಬೇಕು ಎಂದರು.

ಈಗ ಅವನ ಸರದಿ. ಬೂಟು ಬಿಚ್ಚಿ ಎಂದ. ಹಿರಿಯರು ಬೂಟು ಬಿಚ್ಚಿ ಕಟ್ಟೆಯ ಮೇಲೆ ಕಾಲಿಟ್ಟು ಕಣ್ಣು ಮುಚ್ಚಿದರು. ಆ ಹೊತ್ತಿಗೆ ಎರಡನೆಯ ಪೆಟ್ಟು ಚೆನ್ನಾಗಿಯೇ ಬರುತ್ತಿತ್ತು. ಅವರ ಹುಬ್ಬು ಮೇಲಕ್ಕೆ ಹೋಯಿತು. ಬರಿಗಾಲಲ್ಲೇ ಹೋಗಿ ನಡುವಿನ ಒಂದು ಬ್ಲೇಡನ್ನು ಬಿಗಿದು ಬಂದು ಮತ್ತೆ ಕಾಲಿಟ್ಟರು. ಪೆಟ್ಟು ಒಂದೇ ಆಗಿತ್ತು.

ಆದರೆ ಹಿರಿಯರು ಹಿರಿಯರೇ. ಬೂಟು ಹಾಕಿಕೊಳ್ಳುತ್ತ, "ನಂದು ಎರಡ ಮಾತು, ಗೆರಿದೊಂದು, ಚುಚ್ಚೂದೊಂದು. ನಿಂದು ಒಂದ. ಇನ್ನೊಂದು ಬಾಕಿ ಐತಿ ನಿನ್ನ ಮ್ಯಾಲೆ," ಎಂದರು. ಅವನು ಒಪ್ಪಿಕೊಂಡ. ಮರುದಿನ ಬೆಳಗ್ಗೆ ಆ ಬಾಕಿ ತೀರಿಸಲು ಇನ್ನೇನೋ ಹೇಳಿದ, ಅದು ಇವರಿಗೆ ತಮ್ಮದಕ್ಕಿಂತ ದೊಡ್ಡದೆನಿಸಿತು, ಸಂಜೆ ಇವರು ಇನ್ನೊಂದು ಹೇಳಬೇಕಾಯಿತು. ಮುಯ್ಯಿ ಎಂದೂ ಸರಿಸಮ ತೀರುವುದಿಲ್ಲ, ಅದಕ್ಕೇ ಅದು ನಿಲ್ಲುವುದಿಲ್ಲ ಎಂದು ನನಗೆ ಅಲ್ಲಿ ನಿಂತು ತಿಳಿಯಿತು. ಬಂಡೆ ಮುಗಿಯಲು ಉಳಿದ ಎರಡು ದಿನ ಯಾರೂ ಕಾಕು ತಿರುವಲಿಲ್ಲ. ನಾನು ನಂಬದೆ ಪ್ರತಿ ಪಾಳಿಗೂ ಹೋಗಿ ಸುಣ್ಣದ ಚೀಲದ ಹಿಂದೆ ನಿಲ್ಲುತ್ತಲೇ ಇದ್ದೆ. ಅಲ್ಲಿ ಯಾಕೆ ನಿಂತಿದ್ದೀರಿ, ಮುಂದೆ ಬನ್ನಿ ಎಂದು ರಾತ್ರಿಯವನು ಕರೆದ ಮೇಲೆ ನಾಚಿಕೆಯಾಗಿ ಬಿಟ್ಟೆ.

ಬಂಡೆ ಮುಗಿಯಿತು. ಸ್ಲ್ಯಾಬುಗಳು ಪಾಲಿಷ್ ಆಗಿ ಬಂದು ನಿಂತಾಗ ಆ ದಿನಗಳನ್ನೆಲ್ಲ ಕಲ್ಲೇ ಓದಿ ಹೇಳಿದ ಹಾಗಿತ್ತು. ಮೇಲಿನ ಭಾಗದಲ್ಲಿ ಗೇಣಿಗೊಂದು ಮಂಕು ಪಟ್ಟಿ. ಬೀಗದ ದಿನದ್ದು ಎಲ್ಲಕ್ಕಿಂತ ಅಗಲ, ಅದನ್ನು ನೋಡಿ ಇಬ್ಬರೂ ನನ್ನ ಕಡೆ ನೋಡಿದರು. ಕೆಳಗಿನ ಭಾಗದಲ್ಲಿ ಒಂದೂ ಇಲ್ಲ. ಟ್ಯೂಬ್‌ಲೈಟಿನ ಬೆಳಕು ಅಲ್ಲಿ ಬುಡದವರೆಗೆ ನೆಟ್ಟಗೆ ಇಳಿದಿತ್ತು. ನಾನು ಅದನ್ನು ಮೂರು ಮೂರು ಸಲ ಹೋಗಿ ನೋಡಿದೆ.

ಸಾಹುಕಾರರು ಬಂದು ಕೆಳಗಿನ ಭಾಗವನ್ನು ಸವರಿ, ಚೆನ್ನಾಗಿದೆ ಎಂದರು. ಮೇಲಿನ ಭಾಗವನ್ನು ಸವರಿ, ಇದು ಹೋಯಿತಲ್ಲ ಎಂದರು. ಫೋಟೋದ ಕಟ್ಟನ್ನು ತಾವೇ ಗೋಡೆಯಿಂದ ತೆಗೆದು ಮೇಜಿನ ಮೇಲೆ ಬೋರಲು ಹಾಕಿದರು. ಇಬ್ಬರನ್ನೂ ಕೆಲಸದಲ್ಲಿ ಇರಿಸಿಕೊಳ್ಳುತ್ತೇನೆ ಎಂದರು.  ಆಮೇಲೆ, ನೀವು ಒಂದು ಹೆಸರು ಕೊಟ್ಟಿದ್ದಿರಲ್ಲ ಎಂದು ನೆನಪಿಸಿದರು. ನವನಗರದಲ್ಲಿ ಅವರದೊಂದು ಸ್ಲ್ಯಾಬು ಮಾರುವ ಅಂಗಳವಿದೆ. ಮನೆ ಕಟ್ಟುವವರು ಬಂದು ಅಡುಗೆಕಟ್ಟೆಗೆ, ಮೆಟ್ಟಿಲಿಗೆ ಕಲ್ಲು ಆರಿಸುತ್ತಾರೆ. ಮುಂದಿನ ವಾರದಿಂದ ಅಲ್ಲಿ ಕೂರಿ, ನಿಮಗೆ ಮನೆಯೂ ಹತ್ತಿರ ಎಂದರು. ಚಿಕ್ಕಮ್ಮ ಕೇಳಿ, ಒಳ್ಳೆಯದೇ ಆಯಿತು, ದಿನಾ ಬಸ್ಸಿನ ಕಾಟ ತಪ್ಪಿತು ಎಂದಳು. ನನಗೆ ಅಳು ಬಂತು. ಯಂತ್ರದ ಹದ ಈಗಷ್ಟೇ ನನ್ನ ಕೈಗೆ, ಕಾಲಿಗೆ ಹತ್ತಿತ್ತು.

ಕೊನೆಯ ದಿನ ಸಂಜೆ ನನ್ನ ಜಾಗಕ್ಕೆ ಬಂದವರನ್ನು ಕರೆತಂದರು. ಸಾಹುಕಾರರ ಸಂಬಂಧಿ, ನನ್ನದೇ ವಯಸ್ಸು, ಮರ್ಯಾದಸ್ಥರು. ಇಸ್ತ್ರಿ ಮಾಡಿದ ಅಂಗಿ, ಕೈಗೆ ವಾಚು. ಪಾಳಿ ಬದಲಾಗುವ ಹೊತ್ತಾದ್ದರಿಂದ ಇಬ್ಬರು ಆಪರೇಟರ್‌ಗಳೂ ಅಲ್ಲೇ ಇದ್ದರು. ಆಫೀಸು, ಕೀಲಿ, ಸುಣ್ಣದ ಕೋಣೆ ಎಲ್ಲ ತೋರಿಸಿದೆ. ನನ್ನ ಚೀಲ ಹೆಗಲಿಗೇರಿಸಿಕೊಂಡೆ. ಹುನಗುಂದದ ಬಸ್ಸಿಗೆ ಹೊತ್ತಾಗಿತ್ತು. ಹೊಸಬರು ಯಂತ್ರವನ್ನು ನೋಡುತ್ತ, ಇದರ ಬಗ್ಗೆ ತಾನು ತಿಳಿದುಕೊಳ್ಳಬೇಕಾದದ್ದು ಏನಾದರೂ ಇದೆಯೇ ಎಂದು ಬಹಳ ನಯವಾಗಿ ಕೇಳಿದರು.

ನಾನು ಅವರ ವಾಚನ್ನೇ ನೋಡಿದೆ. ಇವರು ಎಂದೂ ಸುಣ್ಣದ ಚೀಲದ ಹಿಂದೆ ನಿಂತವರಲ್ಲ. ಇವರಿಗೆ ನಾನು ಯಾಕೆ ಹೇಳಬೇಕು? ನಾಳೆ ಪಟ್ಟಿ ಬೀಳಲಿ, ಆಗ ನನ್ನ ನೆನಪಾಗುತ್ತದೆ.

"ಎಲ್ಲಾ ಬರೋಬ್ಬರಿ ಐತ್ರಿ, ನೋಡ್ಕೊಂಡ್ ಹೋಗ್ರಿ," ಎಂದೆ.

ಹೇಳಿ ಎರಡು ಹೆಜ್ಜೆ ನಡೆದಿದ್ದೆ. ಹಿಂದಿನಿಂದ ಹಿರಿಯರು ಮೆಲ್ಲಗೆ, "ಬಾಯಾರ, ನೀವೂ ರಾಡಿ ತೊಳದ ಹೊಂಟ್ರಿ ನೋಡ್ರಿ," ಎಂದರು.

ತಿರುಗಿ ನೋಡಿದೆ. ಅವರ ಮುಖದಲ್ಲಿ ಚುಚ್ಚು ಇರಲಿಲ್ಲ. ರಾತ್ರಿಯವನು ನೆಲ ನೋಡುತ್ತಿದ್ದ. ಹೊಸಬರು ಏನೂ ಅರ್ಥವಾಗದೆ ಮೂವರನ್ನೂ ಒಬ್ಬರಾದ ಮೇಲೊಬ್ಬರಂತೆ ನೋಡುತ್ತಿದ್ದರು. ಗೇಟಿನಾಚೆ ಬಸ್ಸಿನ ಹಾರ್ನು ಕೇಳಿಸಿತು, ಗೇಟಿನವನು ಬನ್ನಿ ಎಂದು ಕೂಗಿದ. ನಾನು ಚೀಲವನ್ನು ಸುಣ್ಣದ ಚೀಲದ ಮೇಲೆ ಇಟ್ಟೆ.

"ವಾಚ್ ಬಿಚ್ರಿ," ಎಂದೆ ಹೊಸಬರಿಗೆ. "ಬೂಟೂ ಬಿಚ್ರಿ."

"ಇದು ಮುಯ್ಯಿ ನೋಡ್ರಿ ಸಾಹೇಬ್ರ, ತೀರಿಸ್ಬೇಕಾಕ್ಕತಿ," ಎಂದ ರಾತ್ರಿಯವನು.

ಅವರು ವಾಚು ಬಿಚ್ಚಿ ಜೇಬಿಗೆ ಹಾಕಿಕೊಂಡರು. ನಾನು ಅವರ ಮಣಿಕಟ್ಟು ಹಿಡಿದು ಅಂಗೈಯನ್ನು ರಾಡಿಯ ಕೆಳಗೆ ಹಿಡಿದೆ. ಇಸ್ತ್ರಿ ಅಂಗಿಯ ತೋಳು ಮೊಣಕೈವರೆಗೆ ಬೂದಿ ಬಣ್ಣವಾಯಿತು. ಇದರಲ್ಲಿ ಏನು ನೋಡಬೇಕು ಎಂದು ಅವರು ಕೇಳಿದರು.

"ಹೇಳ್ತೇನಿ," ಎಂದೆ.